ಬಳೆ ಅಂಗಡಿಯ ಮೂಲೆಗಲ್ಲು ಮತ್ತು ವಿಲಾಯತಿ ವೈನಿ

ವೈನಿಯ ಗದ್ದದ ಕೆಳಗೆ ಅರ್ಧಚಂದ್ರನಂಥ ಒಂದು ಬಿಳಿ ಗೀರಿತ್ತು. ನಮ್ಮ ಬಿಸಿಲಿಗೆ ಮುಖವೆಲ್ಲ ಗಜ್ಜರಿಯ ಹಾಗೆ ಕೆಂಪಾದಾಗ ಆ ಗೀರೊಂದೇ ಬೆಳ್ಳಗೆ ಹೊಳೆಯುತ್ತಿತ್ತು. ಓಣಿಯ ಮಕ್ಕಳು ಅದನ್ನು ಮುಟ್ಟಿ ಕೇಳಿದರೆ, "ಇದು ನಮ್ಮೂರ ಸಿಕ್ಕಾ. ಮರೀಬಾರದಂತ ಒತ್ತಿ ಕಳಿಸ್ಯಾರ" ಎನ್ನುತ್ತಿದ್ದರು.

ನಮ್ಮ ಡಾಕ್ಟರು ಇಳಕಲ್ಲಿನವರು. ಇಂಗ್ಲೆಂಡಿಗೆ ಓದಲು ಹೋದವರು ಅಲ್ಲಿಯ ಹಳ್ಳಿಯೊಂದರ ನರ್ಸನ್ನು ಮದುವೆಯಾಗಿ ಬಂದು, ಹಳೆ ಬಾಗಲಕೋಟೆಯ ನಮ್ಮ ಓಣಿಯಲ್ಲಿ ದವಾಖಾನೆ ತೆರೆದರು. ಅವರ ಹೆಂಡತಿ ಇಡೀ ಓಣಿಗೆ ವೈನಿ, ಅಂದರೆ ಅತ್ತಿಗೆ, ಆದರು. ಮಳೆ ಬಂತೆಂದರೆ ಇಳಕಲ್ ಸೀರೆಯನ್ನು ಮೇಲೆತ್ತಿ ಸಿಕ್ಕಿಸಿ, ಕಪ್ಪು ಗಮ್‌ಬೂಟು ಹಾಕಿಕೊಂಡು ಹೊರಡುತ್ತಿದ್ದರು. ಓಹ್, ವಾಟ್ ಎ ಸೈಟ್!

ನಾನೋ ಕಾನ್ವೆಂಟಿನಲ್ಲಿ ಕಲಿತವಳು. ಕೊನೆಗೂ ಪ್ರಾಪರ್ ಇಂಗ್ಲಿಷ್ ಮಾತಾಡಲು ಒಬ್ಬರು ಸಿಕ್ಕರೆಂದು ಕುಣಿದಾಡಿಬಿಟ್ಟಿದ್ದೆ. ಒಂದು ಸಂಜೆ ಎದುರಿಗೆ ನಿಂತು, "ಗುಡ್ ಈವ್ನಿಂಗ್, ಹೌ ಡು ಯು ಡೂ?" ಎಂದೆ.

"ಆರಾಮ್ ಅದೀನ್ರಿ" ಎಂದರು ವೈನಿ. "ಇಂಗ್ಲಿಷ್ ನಂಗ ಬರ್ತೈತಿ. ನೀವು ಕನ್ನಡ ಕಲಿಸ್ರಿ."

ಇಂಗ್ಲಿಷ್ ವಿಲೇಜ್ ಎಂದರೆ ನನ್ನ ತಲೆಯಲ್ಲಿ ಶಾಲೆಯ ರೀಡರಿನ ಚಿತ್ರವೇ: ಗುಲಾಬಿ ಬಳ್ಳಿ ಹಬ್ಬಿದ ಕಾಟೇಜು, ಪುಟ್ಟ ಪುಟ್ಟ ಕುರಿಮರಿ. ಹಾಗಂದಾಗ ವೈನಿ ಹೊಟ್ಟೆ ಹಿಡಿದು ನಕ್ಕರು. "ಗುಲಾಬಿ ಎಲ್ಲೀದ್ರಿ? ನಮ್ಮೂರಾಗ ಬೆಳಿಯೋದು ಎರಡ. ರಾಡಿ, ಮತ್ತ ಮಂದಿ ಬಾಯಿ."

ಬೆರಳೆಣಿಕೆಯ ಮನೆಗಳ ಊರಂತೆ ಅದು. ಒಂದು ಬಾತುಕೋಳಿ ಹೊಂಡ, ಒಂದು ಪಬ್ಬು, ಟಪಾಲು ಕಚೇರಿಯೂ ಆಗಿದ್ದ ಒಂದೇ ಒಂದು ಅಂಗಡಿ. ಯಾರ ಮನೆಗೆ ಯಾರು ಹೋದರೂ ಎದುರು ಕಿಟಕಿಯ ಪರದೆ ಅಲುಗಾಡುತ್ತಿತ್ತು. ಅಣ್ಣತಮ್ಮಂದಿರಿಬ್ಬರು ಬೇಲಿಯೊಂದರ ಸಲುವಾಗಿ ಮಾತು ಬಿಟ್ಟಿದ್ದರು. ಆದರೂ ರವಿವಾರ ಬಂದರೆ ಇಬ್ಬರೂ ಚರ್ಚಿನ ಗಂಟೆ ಬಾರಿಸಲು ಅಕ್ಕಪಕ್ಕ ನಿಲ್ಲುತ್ತಿದ್ದರು. "ಹಗ್ಗ ಹಿಡದಾಗ ಒಬ್ಬರ ಮಾರಿ ಒಬ್ಬರು ನೋಡಾಕ ಬೇಕಲ್ರಿ, ಇಲ್ಲಂದ್ರ ತಾಳ ತಪ್ತೈತಿ" ಎನ್ನುತ್ತಿದ್ದರು ವೈನಿ.

ಇನ್ನೊಂದು ವಿಚಿತ್ರ. ಆ ಚರ್ಚು ಊರಲ್ಲಿರಲಿಲ್ಲ. ಕೆಳಗೆ ಹೊಲದ ನಡುವೆ ಒಂಟಿಯಾಗಿ ನಿಂತಿತ್ತು. ಬಹಳ ಹಿಂದೆ ಊರು ಅದರ ಸುತ್ತಲೇ ಇತ್ತಂತೆ. ದೊಡ್ಡ ಬೇನೆ ಬಂದು, ಉಳಿದವರು ಮನೆ ಬಿಟ್ಟು ದಿಬ್ಬದ ಮೇಲೆ ಹೊಸ ಊರು ಕಟ್ಟಿಕೊಂಡರು. ಹಳೆಯ ಮನೆಗಳ ತಳಪಾಯಗಳು ಹುಲ್ಲಿನಡಿ ಉಬ್ಬುಬ್ಬಾಗಿ ಕಾಣುತ್ತಿದ್ದವು. ಮಕ್ಕಳ ಆಟವೆಲ್ಲ ಅಲ್ಲೇ. ವರ್ಷಕ್ಕೊಮ್ಮೆ ಪಾದ್ರಿಯೊಂದಿಗೆ ಊರೆಲ್ಲ ಹಸಿ ಕಟ್ಟಿಗೆ ಹಿಡಿದು ಹೊರಟು ಎಲ್ಲೆ ಸುತ್ತುತ್ತಿತ್ತು. ಒಂದೊಂದು ಗಡಿಗಲ್ಲು ಬಂದಾಗಲೂ ಅದಕ್ಕೆ ಬಡಿದು, ಎಲ್ಲೆ ಮರೆಯದಿರಲೆಂದು ಮಕ್ಕಳನ್ನು ಎತ್ತಿ ಕೂರಿಸಿದಂತೆ ಕಲ್ಲಿಗೆ ಕುಕ್ಕುತ್ತಿದ್ದರು. ಹಾಗೆ ಕುಕ್ಕುವಾಗ ಅಜ್ಜನ ಕೈ ಜಾರಿದ್ದಕ್ಕೇ ವೈನಿಗೆ ಆ ಗೀರು.

"ಅಯ್ಯೋ, ಹೌ ಕ್ರೂಯೆಲ್!" ಎಂದೆ.

"ಕಾಗದ ಕಳೀತಾವ್ರಿ. ಕುಂಡಿ ಎಲ್ಲಿ ಕಳೀತೈತಿ?"

ಎಷ್ಟೋ ವರ್ಷಗಳ ಮೇಲೆ, ಡ್ಯಾಮಿನಿಂದಾಗಿ ಘಟಪ್ರಭೆಯ ಹಿನ್ನೀರು ನಮ್ಮ ಓಣಿಯನ್ನೇ ಮುಳುಗಿಸುವುದು ಖಾತ್ರಿಯಾಯಿತು. ಸರ್ಕಾರ ಕಟ್ಟಿದ ನವನಗರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸೆಕ್ಟರಿನಲ್ಲಿ ಜಾಗ ಸಿಕ್ಕಿತು. ಕೊನೆಯ ದಿನಗಳಲ್ಲೊಂದು ಸಂಜೆ ಕಟ್ಟೆಯ ಮೇಲೆ ಕುಳಿತಿದ್ದೆವು. ಮೂಲೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ, ಓಣಿಗೆಲ್ಲ ಚಿಕ್ಕಮ್ಮನಾದ ಖಾಲಾ, "ಇನ್ನ ನಿಮ್ಮ ಕೂಡ ಜಗಳಾ ಆಡಾಕ ರಿಕ್ಷಾ ಮಾಡ್ಕೊಂಡ ಬರ್ಬೇಕೇನ್ ನಾ?" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ತೊಡೆಯ ಮೇಲೆ ಪುಟ್ಟ ಮೊಮ್ಮಗಳು ಮಲಗಿದ್ದಳು. ನಾನು ಹುಟ್ಟಿದ ಓಣಿ ಇದು. ಇವಳಿಗೆ ಇದರದೊಂದು ಕಲ್ಲೂ ನೆನಪಿರುವುದಿಲ್ಲ. ನಾವು ಹೋದ ಮೇಲೆ ಓಣಿ ಇಲ್ಲಿತ್ತು ಎಂದು ಬೆರಳು ಮಾಡಿ ತೋರಿಸುವವರೂ ಇರುವುದಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ವೈನಿ ಗದ್ದ ಸವರಿಕೊಂಡರು. "ನಮ್ಮೂರೂ ಒಮ್ಮಿ ಜಾಗಾ ಬಿಟ್ಟೈತಿ. ಸತ್ತಿಲ್ಲಲ್ಲ? ನಾಳೆ ಮುಂಜಾನಿ ಮಕ್ಕಳನ್ನ ಕರ್ಕೊಂಡ ಬರ್ರಿ."

ಆ ಮುಂಜಾವು! ಕೈಯಲ್ಲಿ ಬೇವಿನ ಟೊಂಗೆ, ಮುಂದೆ ಗಮ್‌ಬೂಟಿನ ವೈನಿ, ಹಿಂದೆ ಓಣಿಗೆ ಓಣಿಯೇ. ಬಾವಿಕಟ್ಟೆಗೆ ಬಡಿದೆವು, ದವಾಖಾನೆಯ ಮೆಟ್ಟಿಲಿಗೆ ಬಡಿದೆವು. ಬಳೆ ಅಂಗಡಿಯ ಮೂಲೆಯಲ್ಲಿ, ಗಾಡಿಯ ಗಾಲಿ ಗೋಡೆಗೆ ತಾಗಬಾರದೆಂದು ನೆಟ್ಟಿದ್ದ ಕರಿಕಲ್ಲೊಂದಿತ್ತು. ಅಲ್ಲಿ ಮೊಮ್ಮಗಳ ಪಾಳಿ ಬಂತು. ವೈನಿ ಕುಕ್ಕಿದ ರಭಸಕ್ಕೆ ಕೂಸು ಓಣಿ ಹಾರಿಹೋಗುವಂತೆ ಅತ್ತಿತು. ನನ್ನ ಮಗಳು ಓಡಿಬಂದು, "ಅವ್ವಾ, ನಿಮಗೆಲ್ಲಾ ತಲಿ ಕೆಟ್ಟೈತೇನ?" ಎಂದು ಕೂಸನ್ನು ಕಸಿದುಕೊಂಡಳು.

"ನನ್ನೂ ಎತ್ರಿ! ನಾನೂ ಮರೀಬಾರದಲ್ಲ" ಎಂದಳು ಖಾಲಾ. ಆ ಭಾರಿ ದೇಹವನ್ನು ಎತ್ತಲು ಹೋಗಿ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕಿದ್ದೇ ನಕ್ಕಿದ್ದು. ನಕ್ಕು ಮುಗಿದ ಮೇಲೂ ಖಾಲಾ ಏಳಲಿಲ್ಲ. ಕಲ್ಲಿಗೆ ಕೆನ್ನೆ ಹಚ್ಚಿ ಕುಳಿತುಬಿಟ್ಟಳು.

ನವನಗರಕ್ಕೆ ಬಂದ ಮೇಲೂ ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ವೈನಿ ನಮ್ಮನ್ನೂ ಮೊಮ್ಮಗಳನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಗೋಡೆಗಳು ಒಂದೊಂದಾಗಿ ಉರುಳಿದರೂ ದಾರಿ ಅವರಿಗೆ ತಪ್ಪುತ್ತಿರಲಿಲ್ಲ. ಆಮೇಲೆ ಅವರ ಮೊಣಕಾಲು ಸೋತವು. ನಾವು ಹೋಗುವುದೂ ನಿಂತಿತು.

ಹೋದ ಚಳಿಗಾಲದಲ್ಲಿ ವೈನಿ ತೀರಿಕೊಂಡರು. ಹಿಂದಿನ ದಿನ ಪಕ್ಕದಲ್ಲಿ ಕುಳಿತಿದ್ದೆ. ಕಣ್ಣು ಮುಚ್ಚಿಕೊಂಡೇ, "ಹಳ್ಳ... ಓಕ್ ಗಿಡ... ಚರ್ಚಿನ ಗ್ವಾಡಿ..." ಎನ್ನುತ್ತಿದ್ದರು.

"ವೈನಿ, ಎಲ್ಲಿ ಹೊಂಟೀರಿ?"

"ಎಲ್ಲೆ ಸುತ್ತಾಕತ್ತೇನಿ." ಕೈ ಮುಂದೆ ಚಾಚಿ, "ಬಳಿ ಅಂಗಡಿ ಕಲ್ಲ ಬಂತ್ರಿ. ಹುಷಾರು, ಕೂಸಿನ ತಲಿ ಹಿಡೀರಿ" ಎಂದರು.

ಈ ಬೇಸಿಗೆಯಲ್ಲಿ ನೀರು ಬಹಳ ಕೆಳಗೆ ಇಳಿಯಿತು. ಹುನಗುಂದದಲ್ಲಿ ದನದ ಡಾಕ್ಟರಾಗಿರುವ ಮೊಮ್ಮಗಳು ತನ್ನ ಮಗನನ್ನು ಕರೆದುಕೊಂಡು ಬಂದಿದ್ದಳು. ಖಾಲಾಳನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆವು. ಎಲ್ಲ ಕಡೆ ಬಿರುಕು ಬಿಟ್ಟ ರಾಡಿ, ಜಾಲಿಕಂಟಿ, ಗುರುತಿಲ್ಲದ ಕಲ್ಲುರಾಶಿ. ಹುಟ್ಟಿ ಬೆಳೆದ ನನಗೇ ಬಾವಿ ಯಾವ ದಿಕ್ಕಿಗಿತ್ತೆಂದು ತಿಳಿಯಲಿಲ್ಲ. ಮುಗಿಯಿತು, ಇಟ್ಸ್ ಗಾನ್ ಎಂದುಕೊಂಡೆ.

ಮೊಮ್ಮಗಳು ಸುಮ್ಮನೆ ಅತ್ತಿತ್ತ ಓಡಾಡುತ್ತಿದ್ದಳು. ಹೊಳೆಯ ಕಡೆ ನೋಡಿದಳು, ಹಿಂದೆ ತಿರುಗಿ ನೋಡಿದಳು, ಒಂದು ಕಡೆ ಗಕ್ಕನೆ ನಿಂತಳು.

"ಅಜ್ಜೀ, ಮನಿ ನಂಗ ನೆನಪಿಲ್ಲ. ಆದ್ರ ಇಲ್ಲೇ ನೋಡು, ಇಲ್ಲೇ ನನ್ನ ಕುಕ್ಕಿದ್ರಿ!"

ಚಪ್ಪಲಿಯಿಂದ ರಾಡಿ ಕೆರೆದಳು. ಕರಿಕಲ್ಲು! ಅದೇ ಓರೆ, ಅದೇ ಗಾಲಿ ಉಜ್ಜಿದ ನುಣುಪು. ನಾನು ಕಿರುಚಿದ್ದು ರಸ್ತೆಯವರೆಗೂ ಕೇಳಿಸಿತಂತೆ. ಮೊಮ್ಮಗಳು ಮಗನನ್ನು ಎತ್ತಿ ಕಲ್ಲಿಗೆ ಕುಕ್ಕಿದಳು. ಆತ ಅಂದಿನ ಅವಳಷ್ಟೇ ಜೋರಾಗಿ ಅತ್ತ. ರಿಕ್ಷಾದೊಳಗಿಂದ ಖಾಲಾ ಕೂಗಿದಳು: "ಇನ್ನೊಮ್ಮಿ ಕುಕ್ಕವಾ, ವೈನಿ ಹೆಸರಲೆ!"

ವೈನಿಯ ಆ ಹಳ್ಳಿಯನ್ನು ನಾನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಆದರೆ ಅದರ ಎಲ್ಲೆ ಎಲ್ಲಿಯವರೆಗಿದೆ ಎಂದು ಯಾರಾದರೂ ಕೇಳಿದರೆ ಕರೆದೊಯ್ದು ತೋರಿಸುತ್ತೇನೆ. ಘಟಪ್ರಭೆಯ ರಾಡಿಯೊಳಗಿನ ನಮ್ಮ ಕರಿಕಲ್ಲಿನವರೆಗೆ.