ಬಸ್ಸಿನಲ್ಲಿ ಮಾತ್ರ ಕೇಳುವ ಕಿವಿ

ಚಹಾ ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ನಾಲಿಗೆಯಮ್ಮ ಎಂದು. ಜಗಳಗಂಟಿ ಎಂಬ ಅರ್ಥದಲ್ಲಲ್ಲ. ಆ ಯೋಗ್ಯತೆಯೂ ಅವಳಿಗೆ ಸಾಕಷ್ಟಿತ್ತು ಅನ್ನಿ. ಉದ್ದನೆಯ ಮೇಜಿನ ಮೇಲೆ ಸಾಲಾಗಿಟ್ಟ ಬಿಳಿ ಬಟ್ಟಲುಗಳ ಮುಂದೆ ನಿಂತು, ಚಮಚದಿಂದ ಚಹಾವನ್ನು ಸೊರ್ರೆಂದು ಹೀರಿ, ಬಾಯಲ್ಲಿ ಒಂದು ಸುತ್ತು ಆಡಿಸಿ, ಡಬ್ಬಕ್ಕೆ ಉಗುಳಿ, ಯಾವ ಎಲೆಗೆ ಯಾವ ಎಲೆ ಬೆರೆಸಬೇಕೆಂದು ಹೇಳುವುದು ಅವಳ ಕೆಲಸ. ಎಲೆ ಗುಡಿಸುವ ಕೆಲಸಕ್ಕೆ ಸೇರಿದವಳು ಈ ಮೇಜಿಗೆ ಬಂದು ನಿಲ್ಲುವಷ್ಟರಲ್ಲಿ ತಲೆಯ ಕೂದಲು ಅರ್ಧ ನರೆತಿತ್ತು. ಪಕ್ಕದ ಕೋಣೆಯಲ್ಲಿ ಎಲೆ ಬೆರೆಸುವ ದೊಡ್ಡ ಪೀಪಾಯಿ ದಿನವಿಡೀ ಗಡಗಡ ಉರುಳುತ್ತಿತ್ತು. ಹೊಸಬರಿಗೆ ತಲೆ ಸಿಡಿಯುತ್ತಿತ್ತು, ಅವಳಿಗೆ ಅದರ ಗೊಡವೆಯೇ ಇರಲಿಲ್ಲ.

ಗಂಡ ಊರೊಳಗಿನ ಬಸ್ಸಿನ ಡ್ರೈವರ್. ಸಂಜೆ ಅವಳು ಅವನ ಬಸ್ಸಿನಲ್ಲೇ ಮನೆಗೆ ಬರುತ್ತಿದ್ದಳು. ಇಂಜಿನ್ ಪಕ್ಕದ ಸೀಟು ಅವಳದ್ದೆಂದು ಎಲ್ಲರಿಗೂ ಗೊತ್ತು. ಅಲ್ಲಿ ಕೂತು ಇಬ್ಬರೂ ಲೋಕದ ಮಾತೆಲ್ಲ ಆಡುವರು. ಅವರ ಸಂಸಾರದ ಗುಟ್ಟೆಲ್ಲ ಹಿಂದಿನ ಸೀಟಿನವರಿಗೆ ಬಾಯಿಪಾಠವಾಗಿತ್ತು. ಆದರೆ ಮನೆಯ ಬಾಗಿಲು ದಾಟಿದ್ದೇ ತಡ, ಆ ಮಾತಿನಮಲ್ಲನ ಬಾಯಿಗೆ ಬೀಗ ಬೀಳುತ್ತಿತ್ತು. ಹಾಗೆಂದು ಅವಳ ದೂರು. ತುಟಿ ಏನೋ ಅಲ್ಲಾಡುತ್ತಿತ್ತು, ಗೊಣಗಾಟ ಇರಬೇಕೆಂದುಕೊಂಡಳು. ಗಂಡನ ಗೊಣಗಾಟಕ್ಕೆಲ್ಲ ಕಿವಿಗೊಡುತ್ತ ಕೂತರೆ ಯಾವ ಹೆಂಗಸಿಗೆ ತಾನೆ ಕೆಲಸ ಸಾಗುತ್ತದೆ? ಅವನ ದೂರೇ ಬೇರೆ. ಬಸ್ಸಿನಲ್ಲಿ ನಗುನಗುತ್ತ ಮಾತಾಡುವವಳು ಮನೆಯಲ್ಲಿ ಕರೆದರೆ ಓಗೊಡುವುದಿಲ್ಲ, ಗೋಡೆಗೆ ಹೇಳಿದ ಹಾಗೆ. ಇಬ್ಬರೂ ಮುಖ ಊದಿಸಿಕೊಂಡೇ ವರ್ಷಗಟ್ಟಲೆ ಒಂದೇ ಸೂರಿನಡಿ ಬಾಳಿದರು. ಕೂತು ಒಮ್ಮೆ ಕೇಳಿಬಿಟ್ಟಿದ್ದರೆ ಎಲ್ಲ ಬಗೆಹರಿಯುತ್ತಿತ್ತು; ಆದರೆ ಮೊದಲು ಕೇಳುವವರು ಯಾರು?

ಅವನು ಕೆಲಸದಿಂದ ನಿವೃತ್ತನಾದ ಮೇಲೆ ಗಂಟಲಿನಲ್ಲಿ ಗಡ್ಡೆ ಬಂತು. ಆಪರೇಷನ್ ಮಾಡಿ ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಉಳಿದದ್ದು ಪಿಸುಮಾತು ಮಾತ್ರ. ಬಸ್ಸೂ ಹೋಯಿತು, ದನಿಯೂ ಹೋಯಿತು. ಅವನು ಕಿವಿಯ ಹತ್ತಿರ ಬಂದು ಮಾತಾಡಿದರೆ ಅವಳಿಗೆ ಕೆನ್ನೆಗೆ ಬಿಸಿ ಉಸಿರು ತಾಗುತ್ತಿತ್ತು, ಅಷ್ಟೇ.

ಗಂಟಲು ನೋಡುತ್ತಿದ್ದ ಡಾಕ್ಟರಮ್ಮನೇ ಕಿವಿಯ ಡಾಕ್ಟರೂ ಆಗಿದ್ದರು. ತಪಾಸಣೆಯ ದಿನ ಗಂಡ ಏನೋ ಪಿಸುಗುಟ್ಟಿದಾಗ ಅವರು ಅವಳ ಕಡೆ ತಿರುಗಿ, "ನಿಮ್ಮ ಯಜಮಾನ್ರು ಈಗ ಏನಂದ್ರು ಹೇಳಿ" ಎಂದು ಗಟ್ಟಿಯಾಗಿ ಕೇಳಿದರು.

"ಇವರೇನು ಹೇಳ್ತಾರೆ? ಮೊದಲಿಂದಲೂ ಮನೇಲಿ ಮಾತಾಡಿದವರೇ ಅಲ್ಲ."

ಡಾಕ್ಟರಮ್ಮ ಕವಲಿದ್ದ ಒಂದು ಉಕ್ಕಿನ ಕಡ್ಡಿಯನ್ನು ತಮ್ಮ ಮೊಣಕೈಗೆ ಬಡಿದು ಅವಳ ಎಡಗಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಕಿವಿಯ ಹಿಂದಿನ ಮೂಳೆಗೆ ಅದರ ಬುಡ ಒತ್ತಿದರು. ತಲೆಯೊಳಗೆಲ್ಲ ಝೇಂಕಾರ ತುಂಬಿತು.

"ಗಲಾಟೆ ಇರೋ ಕಡೆ ಚೆನ್ನಾಗಿ ಕೇಳುತ್ತಾ?"

"ಬಸ್ಸಲ್ಲಿ ಎಲ್ಲಾ ಕೇಳುತ್ತೆ. ಪೀಪಾಯಿ ಪಕ್ಕದಲ್ಲೂ ಕೇಳುತ್ತೆ."

ಕಿವಿಯೊಳಗಿನ ಮೂರು ಪುಟ್ಟ ಮೂಳೆಗಳಲ್ಲಿ ಕೊನೆಯದು, ಅಕ್ಕಿಕಾಳಿಗಿಂತ ಚಿಕ್ಕದು, ಅಲ್ಲಾಡದೆ ಬಿಗಿದುಕೊಂಡಿದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಗಲಾಟೆಯಲ್ಲಿ ಎಲ್ಲರೂ ದನಿ ಏರಿಸಿ ಮಾತಾಡುತ್ತಾರೆ. ನಮಗೆ ಅಡ್ಡ ಬರುವ ಇಂಜಿನ್ ಸದ್ದು ಇಂಥ ಕಿವಿಗೆ ಅಷ್ಟಾಗಿ ತಲುಪುವುದಿಲ್ಲ. ಹಾಗಾಗಿ ಮಾತು ಮಾತ್ರ ಕೇಳುತ್ತದೆ. ಈ ಕಾಯಿಲೆ ಎರಡೂ ಕಿವಿಗಿದೆ, ಎಷ್ಟೋ ವರ್ಷದ್ದಿರಬೇಕು.

ಅವಳು ಗಂಡನ ಮುಖ ನೋಡಿದಳು. ಅವನೂ ನೋಡಿದ. ಯಾರ ತಪ್ಪೂ ಅಲ್ಲದ ಕಾರಣಕ್ಕೆ ಅಷ್ಟು ಕಾಲ ಒಬ್ಬರನ್ನೊಬ್ಬರು ಶಪಿಸಿಕೊಂಡು ಕಳೆದದ್ದಕ್ಕೆ ಅವಳಿಗೆ ದುಃಖ ಒತ್ತರಿಸಿ ಬಂತು.

ಮೊದಲಿಗೆ ಎಡಗಿವಿಯ ಆ ಮೂಳೆ ತೆಗೆದು ಸಣ್ಣ ಕೃತಕ ಕಡ್ಡಿ ಕೂರಿಸಬಹುದಿತ್ತು. ಆದರೆ ನಾಲಿಗೆಯ ರುಚಿ ಒಯ್ಯುವ ಎಳೆಯಂಥ ನರ ಕಿವಿಯೊಳಗಿಂದಲೇ ಹಾದುಹೋಗುತ್ತದೆ. ಅಪರೂಪಕ್ಕೆ ಅದು ಕತ್ತರಿಸಿಹೋದರೆ ನಾಲಿಗೆಯ ಒಂದು ಪಕ್ಕ ಸಪ್ಪೆ. "ಬೇರೆಯವರಿಗಾದ್ರೆ ಇದನ್ನ ದೊಡ್ಡ ವಿಷಯ ಅನ್ನಲ್ಲ, ನಿಮ್ಮ ಕೆಲಸ ನೋಡಿ ಹೇಳ್ತಿದೀನಿ" ಎಂದರು ಡಾಕ್ಟರಮ್ಮ. ಗಂಡ ಅಲ್ಲೇ ಜೋರಾಗಿ ತಲೆಯಾಡಿಸಿ ಬೇಡವೆಂದ. ತನ್ನ ಪಿಸುಮಾತಿಗಾಗಿ ಅವಳು ನಾಲಿಗೆ ಕಳೆದುಕೊಳ್ಳುವುದು ಅವನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಶ್ರವಣಯಂತ್ರ ಹಾಕಿಸಿ ನೋಡಿದ್ದಾಯಿತು. ಬಟ್ಟಲಿನ ಸದ್ದು ಕೇಳಿತು, ಬಾಗಿಲಿನ ಸದ್ದು ಕೇಳಿತು, ಅವನ ಪಿಸುಮಾತು ಬರೀ ಗಾಳಿಯಾಗಿಯೇ ಉಳಿಯಿತು. ಕೊನೆಗೆ ಅವಳು ಒಂದು ಕರಾರಿನ ಮೇಲೆ ಒಪ್ಪಿದಳು: ನರ ಅಡ್ಡ ಬಂದರೆ ಕತ್ತರಿ ಆಡಿಸುವ ಮೊದಲು ತನ್ನನ್ನು ಕೇಳಬೇಕು.

ಆ ಆಪರೇಷನ್ನಿಗೆ ಪೂರ್ತಿ ಮಂಪರು ಕೊಡಲಿಲ್ಲ, ಕಿವಿಗೆ ಮಾತ್ರ ಮರಗಟ್ಟಿಸುವ ಸೂಜಿ. ಹಸಿರು ಬಟ್ಟೆಯಡಿ ಅವಳು ಎಚ್ಚರವಾಗಿಯೇ ಮಲಗಿದ್ದಳು. ಒಂದು ಹಂತದಲ್ಲಿ ಕೈಗಳು ನಿಂತವು. ಡಾಕ್ಟರಮ್ಮ ಬಲಗಿವಿಯ ಕಡೆ ಬಗ್ಗಿ ದನಿ ಏರಿಸಿ ಹೇಳಿದರು: "ನರ ಸರಿಯಾಗಿ ಮೂಳೆ ಮೇಲೇ ಕೂತಿದೆ. ಸರಿಸೋಕೆ ನೋಡಿದೆ, ಆಗ್ತಿಲ್ಲ. ಕತ್ತರಿಸಿದ್ರೆ ಮಾತ್ರ ಮುಂದಕ್ಕೆ ದಾರಿ. ಇಲ್ಲ ಅಂದ್ರೆ ಹೀಗೇ ಮುಚ್ಚಿಬಿಡ್ತೀನಿ. ಎರಡೂ ನಿಮ್ಮ ಕೈಲಿದೆ."

ಅವಳಿಗೆ ಭಯವಾಯಿತು. ಬಾಯೊಳಗೆ ನಾಲಿಗೆಯನ್ನು ಒಮ್ಮೆ ಹಲ್ಲುಗಳ ಮೇಲೆ ಆಡಿಸಿಕೊಂಡಳು. ಅವಳಿಗೆ ಅನ್ನ ಹಾಕಿದ್ದು, ಮರ್ಯಾದೆ ತಂದದ್ದು ಅದೇ.

"ಇನ್ನೊಂದು ಪಕ್ಕ ಇದೆಯಲ್ಲ. ಕತ್ತರಿಸಿ" ಎಂದಳು.

ಸ್ವಲ್ಪ ಹೊತ್ತಿನಲ್ಲಿ ತಟ್ಟೆಗೆ ಬಿದ್ದ ಇಕ್ಕಳದ ಸದ್ದು ಎಡಗಿವಿಗೇ ಬಂತು. ಆಮೇಲೆ ಹತ್ತಿ ತುಂಬಿ ಕಟ್ಟಿದರು, ಮತ್ತೆ ಎಲ್ಲ ಮುಚ್ಚಿಹೋಯಿತು.

ನಾಲಿಗೆಯ ಎಡಪಕ್ಕದಲ್ಲಿ ತುಕ್ಕು ಕಬ್ಬಿಣ ನೆಕ್ಕಿದಂಥ ರುಚಿ ನಿಂತುಬಿಟ್ಟಿತು. ಕಂಪನಿಗೆ ಹೋಗಿ ಮೊದಲ ಬಟ್ಟಲು ಹೀರಿದಾಗಲೇ ಗೊತ್ತಾಯಿತು. ಅವಳು ಯಾರೂ ಹೇಳುವ ಮೊದಲೇ ಚಮಚ ಕೆಳಗಿಟ್ಟು, ತನ್ನನ್ನು ಪ್ಯಾಕಿಂಗಿಗೆ ಹಾಕಿ ಎಂದಳು. ಮ್ಯಾನೇಜರ್ ಒಪ್ಪಿದ. ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಕೊಂಡು, ಮನಸಾರೆ ಅತ್ತಳು.

ಕಿವಿಯ ಹತ್ತಿ ತೆಗೆಯುವುದು ಮಾರನೆಯ ದಿನವೆಂದು ಗಂಡನೂ ಅವಳೂ ತಿಳಿದಿದ್ದರು. ಆದರೆ ಚಮಚ ಕೆಳಗಿಟ್ಟ ದಿನವೇ ಸಂಜೆ ಮನೆಗೆ ಬರುವ ದಾರಿಯಲ್ಲಿ ಬ್ಯಾಂಡೇಜ್ ಬದಲಿಸಲೆಂದು ಆಸ್ಪತ್ರೆಗೆ ಹೋದಾಗ, ಡಾಕ್ಟರಮ್ಮ ಗಾಯ ಮಾಗಿದೆಯೆಂದು ಆಗಲೇ ತೆಗೆದುಬಿಟ್ಟರು. ರಸ್ತೆಯ ಸದ್ದೆಲ್ಲ ಅವಳ ಮೇಲೆ ಮುಗಿಬಿದ್ದಿತು. ತನ್ನದೇ ಚಪ್ಪಲಿಯ ಸದ್ದಿಗೆ ಬೆಚ್ಚುತ್ತ ಮನೆ ಸೇರಿದಳು.

ಗಂಡ ಒಲೆಯ ಮುಂದಿದ್ದ. ತಿರುಗಿ ನೋಡಿ, ಕೂತುಕೋ ಎಂದು ಕೈಸನ್ನೆ ಮಾಡಿ, ಮತ್ತೆ ಒಲೆಯ ಕಡೆ ಮುಖ ಮಾಡಿದ. ಸುದ್ದಿ ಹೇಳಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಬೆನ್ನಿನ ಆಚೆಯಿಂದ ಪಿಸುದನಿ ಬಂತು.

"ಪಕ್ಕದ ಮನೆಯವರು ಏಣಿ ಕೇಳ್ಕೊಂಡು ಬಂದಿದ್ರು, ಕೊಟ್ಟೆ. ಬೆಳಗ್ಗೆಯಿಂದ ಮೊಣಕಾಲು ನೋಯ್ತಾ ಇದೆ. ಹಾಲು ಒಡೆದುಹೋಯ್ತು, ಬೇರೆ ತಂದೆ…"

ಅವಳು ಉಸಿರು ಬಿಗಿಹಿಡಿದು ಕೂತಳು. ಅವನು ಉತ್ತರಕ್ಕೆ ಕಾಯುತ್ತಿರಲಿಲ್ಲ. ಈರುಳ್ಳಿ ಹೆಚ್ಚುತ್ತ, ಒಂದರ ಹಿಂದೊಂದು, ದಿನದ ಚೂರುಪಾರನ್ನೆಲ್ಲ ಅವಳಿಗೆ ಒಪ್ಪಿಸುತ್ತಿದ್ದ. ಇದು ಇಂದು ಶುರುವಾದ ರೂಢಿಯಲ್ಲ ಎಂದು ಅವಳಿಗೆ ತಿಳಿಯಿತು. ಗೊಣಗಾಟವೆಂದು ಅವಳು ಬೆನ್ನು ತಿರುಗಿಸಿದ್ದ ಎಲ್ಲ ಸಂಜೆಗಳಲ್ಲೂ ಅವನು ಹೀಗೆಯೇ ಮಾತಾಡುತ್ತಿದ್ದಿರಬೇಕು.

"ಯಾವ ಮೊಣಕಾಲು?" ಎಂದಳು.

ಚಾಕು ನಿಂತಿತು. ಅವನು ಮೆಲ್ಲಗೆ ತಿರುಗಿದ. ಕಣ್ಣು ಒರೆಸಿಕೊಂಡು, "ಬಲಗಾಲು" ಎಂದ.

"ಬನ್ನಿ, ಕೂತ್ಕೊಳ್ಳಿ. ನೋಡ್ತೀನಿ."