ಸುಭದ್ರಾಳ ಪಾಲು

ನಾರಾಯಣಗೂಡದ ಆ ಮನೆ ಸುಭದ್ರಾಳಿಗೆ ತವರೂ ಹೌದು, ಗಂಡ ಸತ್ತ ಮೇಲೆ ಇದ್ದ ಒಂದೇ ಸೂರೂ ಹೌದು. ಭಾಲ್ಕಿಯಿಂದ ಈ ತೆಲುಗು ಊರಿಗೆ ಬಂದ ಅಪ್ಪ ಕೋಠಿಯ ಪೇಟೆಯಲ್ಲಿ ಬಟ್ಟೆ ಮಾರಿ ಕಟ್ಟಿಸಿದ್ದು. ಅಪ್ಪ ತೀರಿದಾಗ, ಮನೆತನದ ರೂಢಿಯಂತೆ, ತಮ್ಮ ಯಶವಂತ ಅಕ್ಕನಿಗೆ ಸೀರೆ-ಕುಬಸ ಕೊಟ್ಟ. ಅಕ್ಕ ‘ನನಗೆ ಪಾಲು ಬೇಡ’ ಎಂಬ ಬಿಳಿ ಹಾಳೆಗೆ ಸಹಿ ಹಾಕಿದಳು. ಅರ್ಧ ಮನೆಗೆ ಒಂದು ಇಳಕಲ್ ಸೀರೆ! ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಮಾತು ಕಟ್ಟಿದವರು ಗಂಡಸರೇ ಇರಬೇಕು.

ಯಶವಂತ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಅಂಗಡಿ ದೊಡ್ಡದು ಮಾಡಿದ. ಅಂಗಡಿ ದೊಡ್ಡದಾಯಿತು, ವ್ಯಾಪಾರ ಆಗಲಿಲ್ಲ. ಅಷ್ಟರಲ್ಲಿ ಸರ್ಕಾರ ರಸ್ತೆ ಅಗಲ ಮಾಡಲು ಹೊರಟಿತು. ಕೆಡವಲು ಹಾಕಿದ ಗುರುತಿನೊಳಗೆ ಮನೆ ಪೂರ್ತಿ ಬಿತ್ತು. ಊರು ಬೆಳೆಯಬೇಕು, ನಿಜ. ಆದರೆ ಬೆಳೆಯುವ ಊರು ಯಾರ ಅಡುಗೆಮನೆಯ ಮೇಲೆ ಕಾಲಿಡುತ್ತದೆ ಎಂದು ಮೊದಲೇ ಹೇಳುವುದಿಲ್ಲ. ಪರಿಹಾರದ ಹಣದಲ್ಲಿ ಮೊದಲ ತುತ್ತು ಬ್ಯಾಂಕಿಗೆ, ಉಳಿದರೆ ಯಶವಂತನಿಗೆ.

ಪಕ್ಕದ ಮನೆಯ ವಕೀಲ ದಿನೇಶ ಒಂದು ದಿನ ಹೇಳಿದ, "ಅಕ್ಕಾರ, ನಿಮ್ಮ ಸಹಿ ನೋಂದಣಿನ ಆಗಿಲ್ಲ. ಅರ್ಧ ಮನಿ ಇನ್ನೂ ನಿಮ್ಮದ ಐತಿ. ನಿಮ್ಮ ಪಾಲು ಅಡ ಇಡಾಕ ತಮ್ಮಗ ಹಕ್ಕಿಲ್ರಿ. ಪರಿಹಾರದ ವಿಚಾರಣೆದಾಗ ಇಷ್ಟು ಹೇಳ್ರಿ, ಸಾಕು."

ಸುಭದ್ರಾಳಿಗೆ ಆಸೆಯಾಯಿತು. ಬಾಡಿಗೆಯದಾದರೂ ಒಂದು ಕೋಣೆ, ಒಳಗಿನಿಂದ ತಾನೇ ಚಿಲಕ ಹಾಕುವಂಥದ್ದು.

ಯಶವಂತನಿಗೂ ಸುದ್ದಿ ಮುಟ್ಟಿತು. ಊಟಕ್ಕೆ ಕೂತಾಗ ತಾಟಿನತ್ತ ನೋಡುತ್ತಲೇ ಅಂದ, "ಅಕ್ಕಾ, ತಕರಾರು ಬಿದ್ರ ರೊಕ್ಕ ಕೋರ್ಟಿನ್ಯಾಗ ಕೊಳೀತೈತಿ. ಬ್ಯಾಂಕಿನವ್ರು ಅಂಗಡಿಗೆ ಬೀಗ ಜಡೀತಾರ."

"ಹೇಳಬ್ಯಾಡ ಅಂತೀಯೇನು?"

"ನಾ ಹಂಗ ಹ್ಯಾಂಗ ಅನ್ಲಿ?"

ಅವನು ಅನ್ನಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಎದ್ದ. ಅಕ್ಕ ಆ ಅರ್ಧ ರೊಟ್ಟಿಯನ್ನು ಅವನಿಗೆಂದು ಮುಚ್ಚಿಟ್ಟಳು. ಎದುರು ನಿಂತು ಜಗಳಾಡಿದ್ದರೆ ಅವಳೂ ಗಟ್ಟಿಯಾಗುತ್ತಿದ್ದಳೇನೋ.

ಸಂಕ್ರಾಂತಿ ಮುಗಿದ ವಾರ ಮನೆಯಲ್ಲೇ ವಿಚಾರಣೆ. ಅಧಿಕಾರಿ ತೆಲುಗಿನಲ್ಲಿ ಸಾವಧಾನವಾಗಿಯೇ ಕೇಳಿದ: ಅಮ್ಮಾ, ಈ ಮನೆಯಲ್ಲಿ ನಿಮಗೆ ಪಾಲು ಇದೆಯೇ? ನೀವು ಇಲ್ಲಿಯೇ ಇರುವವರೇ?

ದಿನೇಶ ಹಿಂದಿನಿಂದ ಕೆಮ್ಮಿದ. ಸುಭದ್ರಾ ತಮ್ಮನ ಕಡೆ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

ಅವಳು ಸೆರಗು ಸರಿಮಾಡಿಕೊಂಡು, ಬಂದಷ್ಟು ತೆಲುಗಿನಲ್ಲಿ, ಇಲ್ಲ ಎಂದಳು. ಇದು ತಮ್ಮನ ಮನೆ, ನಾಗರಪಂಚಮಿಗೆಂದು ಕರೆದಿದ್ದ, ಬಂದಿದ್ದೇನೆ, ಎರಡು ದಿನ ಇದ್ದು ಹೋಗುತ್ತೇನೆ ಎಂದಳು.

ಅಧಿಕಾರಿ ಹಾಗೆಯೇ ಬರೆದುಕೊಂಡ. ಪಂಚಮಿ ಮುಗಿದು ಆರು ತಿಂಗಳಾಗಿತ್ತು. ಆ ಕೋಣೆಯಲ್ಲಿ ಇದ್ದ ಯಾರೂ ಅದನ್ನು ಹೇಳಲಿಲ್ಲ.