ಹೆಪ್ಪು ನಮ್ಮದು, ಗಂಟಲು ಅವರದು

ಸಂಜೆ ದೀಪ ಹಚ್ಚುವ ಮುಂಚೆ ಪಕ್ಕದ ಮನೆಯಿಂದ ಹೆಪ್ಪಿಗೆಂದು ಬರುತ್ತಿದ್ದ ಪುಟ್ಟ ಸ್ಟೀಲ್ ಬಟ್ಟಲನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು ಎಂದರೆ ನೀವು ನನ್ನನ್ನು ಅಲ್ಪನೆಂದು ತಿಳಿಯಬಹುದು. ತಿಳಿಯಿರಿ, ಅಡ್ಡಿಯಿಲ್ಲ; ನನ್ನಾಕೆಯ ಅಭಿಪ್ರಾಯವೂ ಅದೇ.

ಎಂಬತ್ತರ ದಶಕದ ಕೊನೆಯ ಮಾತು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು, ಪಕ್ಕದ ಮನೆಯ ಅನ್ವರ್ ಸಾಹೇಬರು ಡ್ರಿಲ್ ಮೇಷ್ಟ್ರು. ದೀಪಾವಳಿ ಕಳೆದರೆ ಸಾಕು, ಊರಿನ ನೆಗಡಿಯೆಲ್ಲ ನನ್ನ ಮೂಗಿನ ವಿಳಾಸ ಹುಡುಕಿಕೊಂಡು ಬರುತ್ತಿತ್ತು. ಅವರು ಮಾತ್ರ ಮಂಜಿನಲ್ಲೂ ಬನಿಯನ್ನಿನಲ್ಲಿ ನಿಂತು ಸೀಟಿ ಊದುತ್ತಿದ್ದರು. ಗಣರಾಜ್ಯೋತ್ಸವದ ಭಾಷಣವನ್ನು ಪದಪದ ತೂಗಿ ಬರೆಯುವವನು ನಾನು. ಸರಿಯಾಗಿ ಆ ಹೊತ್ತಿಗೆ ನನ್ನ ಗಂಟಲು ಕಟ್ಟಿ, ಅದನ್ನು ಕಂಚಿನ ಕಂಠದಲ್ಲಿ ಓದಿ ಚಪ್ಪಾಳೆ ಗಿಟ್ಟಿಸುವವರು ಅವರು. ನನ್ನ ಮಾತು ಒಮ್ಮೆಯಾದರೂ ನನ್ನ ಬಾಯಲ್ಲೇ ಕೇಳಿಸಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಒಮ್ಮೆ ವಿಜ್ಞಾನದ ಮೇಷ್ಟ್ರು ಟೀ ಕುಡಿಯುತ್ತ, ಮೊಸರಿನ ಜೀವಾಣುಗಳು ಕರುಳಿನಲ್ಲಿ ಬೀಡುಬಿಟ್ಟು, ಮೂಗು-ಎದೆಗೆ ನುಗ್ಗುವ ವೈರಸ್ಸುಗಳ ವಿರುದ್ಧ ದೇಹದ ಕಾವಲುಪಡೆಯನ್ನು ಎಚ್ಚರಿಸಬಹುದಂತೆ, ಕುದಿಸಿದರೆ ಮಾತ್ರ ಸತ್ತೇಹೋಗುತ್ತವೆ ಎಂದರು. ನನ್ನ ಅಸೂಯೆಗೆ ಶಾಸ್ತ್ರಾಧಾರ ಸಿಕ್ಕಿತು. ಮೊಸರು ಶೀತವೆಂದು ನನ್ನಾಕೆಯ ಕಟ್ಟಪ್ಪಣೆ; ಚಳಿಗಾಲವಿಡೀ ನನಗೆ ನಿಷಿದ್ಧ. ಹಟ ಮಾಡಿದರೆ ಅರಿಶಿನ, ಮೆಣಸು ಹಾಕಿ ಮಳಮಳ ಕುದಿಸಿದ ಮಜ್ಜಿಗೆ. ತಿನ್ನದೆ ಇದ್ದುದರಿಂದಲೇ ನಮ್ಮಲ್ಲಿ ಹೆಪ್ಪು ಮಿಗುತ್ತಿತ್ತು, ಪಾತ್ರೆ ಬಳಿದು ತಿನ್ನುವುದರಿಂದಲೇ ಅವರಲ್ಲಿ ಉಳಿಯುತ್ತಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಹುಟ್ಟಿದ ಸೈನ್ಯ ಇಷ್ಟು ವರ್ಷ ಅವರ ಎದೆಯನ್ನು ಕಾದಿತ್ತು!

ಆ ಚಳಿಗಾಲ ನಾನು ದಂಗೆಯೆದ್ದೆ. ದಿನಾ ಮೊಸರನ್ನ. ಗಂಟಲು ಕಟ್ಟಲಿಲ್ಲ. ಭಾಷಣದ ಹಿಂದಿನ ಸಂಜೆ ನೋಡಿದರೆ ನಮ್ಮ ಪಾತ್ರೆಯೇ ಖಾಲಿ. ಬಟ್ಟಲು ಹಿಡಿದು ನಾನೇ ಅವರ ಬಾಗಿಲಿಗೆ ಹೋಗಬೇಕಾಯಿತು. ಮಫ್ಲರ್ ಸುತ್ತಿಕೊಂಡ ಅನ್ವರ್ ಸಾಹೇಬರು ಪಿಸುಗುಟ್ಟಿದರು:

"ನಾಳೆ ನೀವೇ ಓದ್ಬಿಡಿ ಮೇಷ್ಟ್ರೇ, ನನ್ ಗಂಟ್ಲು ಹೋಯ್ತು. ಮೊಸ್ರು ಮುಟ್ಬೇಡಿ ಅಂತಾಳೆ ನಮ್ಮನೆಯವ್ಳು. ಎಷ್ಟ್ ಬೇಕಾದ್ರೂ ಹೆಪ್ಪು ತಗೊಂಡೋಗಿ."

ಜೀವಾಣುಗಳು ಕಾವಲುಗಾರರೇ ಹೊರತು ಕೋಟೆಯಲ್ಲವೆಂದು ಆಗ ತಿಳಿಯಿತು. ಮರುದಿನ ಓದಿದೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮಫ್ಲರಿನೊಳಗಿದ್ದ ಅನ್ವರ್ ಸಾಹೇಬರೇ. ಆ ದೊಡ್ಡತನಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಮಧ್ಯಾಹ್ನ ಊಟಕ್ಕೆ ಕೂತೆ. ಮೊಸರು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗಿತ್ತು. ಹೆಂಡತಿ ಬಡಿಸುತ್ತ ಮೆಚ್ಚಿಕೊಂಡಳು:

"ನಮ್ದು ಯಾವತ್ತಾದ್ರೂ ಹೀಗ್ ಬಂದಿತ್ತಾ? ಅವ್ರ ಮನೆ ಹೆಪ್ಪು ಕಣ್ರೀ!"